ಹರಕೆ ಕೂದಲು

ನಮ್ಮ ಮನೆಯಲ್ಲಿ ಕೈ ತೊಳೆಯುವ ಬೇಸಿನ್ನಿನ ಮೇಲೆ ಒಂದು ಕನ್ನಡಿ ಇದೆ. ಬೆಳಗಿನ ಹೊತ್ತು ಅದರ ಮುಂದೆ ನಿಲ್ಲುವ ಹಕ್ಕು ಯಾರದು ಎಂಬುದು ಹೋದ ವರ್ಷವಿಡೀ ನನಗೂ ನನ್ನ ಮಗನಿಗೂ ನಡೆದ ಜಗಳ. ನಾನು ಹೊಸದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರು, ಗಣಿತ ಹೇಳುತ್ತೇನೆ. ಅವನು ಆಗ ಅದೇ ಊರಿನ ಕಾಲೇಜಿನಲ್ಲಿ ಮೊದಲನೇ ಪಿಯುಸಿ. ಇಬ್ಬರೂ ಒಂದೇ ಹೊತ್ತಿಗೆ ಮನೆ ಬಿಡಬೇಕು, ಇಬ್ಬರೂ ತಲೆ ಬಾಚಿಕೊಳ್ಳಬೇಕು.

ಅವನ ಕೂದಲು ಭುಜ ಮುಟ್ಟಿತ್ತು. ಮೊದಲು ಒಂದು ಕಡೆಗೆ ಬಾಚುತ್ತಾನೆ, ಅದು ಸರಿ ಕಾಣಲಿಲ್ಲವೆಂದು ಇನ್ನೊಂದು ಕಡೆಗೆ, ಕೊನೆಗೆ ಎರಡೂ ಬೇಡವೆಂದು ಎತ್ತು ತಲೆ ಕೊಡವಿದ ಹಾಗೆ ಕೊಡವಿ ಕೈಯಿಂದಲೇ ಕೆದರುತ್ತಾನೆ. ಕೆದರುವುದಕ್ಕೆ ಬಾಚಣಿಗೆ ಯಾಕೆ ಬೇಕಿತ್ತು, ದೇವರೇ ಬಲ್ಲ. ಮೈಮೇಲೆ ಅವನ ಅಳತೆಗಿಂತ ಎರಡು ಪಾಲು ದೊಡ್ಡ ಟೀಶರ್ಟು, ತೋಳು ಮೊಣಕೈ ದಾಟಿರುತ್ತದೆ. ಅದಕ್ಕೆ ಓವರ್‌ಸೈಜ್ ಎಂದು ಹೆಸರು. ನಾವು ಚಿಕ್ಕವರಿದ್ದಾಗ ಟೈಲರು ಅಳತೆ ಹಿಡಿಯುವಾಗಲೇ ಅಪ್ಪ, "ಬೆಳಿಯೋ ಹುಡುಗ, ಸ್ವಲ್ಪ ಲೂಸಿಡಪ್ಪ" ಎನ್ನುತ್ತಿದ್ದ. ಆ ಅಂಗಿಗೆ ತಕ್ಕಂತೆ ನಾನು ಬೆಳೆಯುವ ಹೊತ್ತಿಗೆ ಅಂಗಿ ಹರಿದಿರುತ್ತಿತ್ತು. ಬಾಲ್ಯವನ್ನೆಲ್ಲ ಓವರ್‌ಸೈಜಿನಲ್ಲೇ ಕಳೆದೆ, ಒಬ್ಬನಾದರೂ ಫ್ಯಾಷನ್ ಎಂದು ಕರೆಯಲಿಲ್ಲ.

"ಲೇ, ಸಾಕು ಸರಿಯಲೇ" ಎಂದು ನಾನು ಗದರುತ್ತಿದ್ದೆ.

"ಎರಡೇ ನಿಮಿಷ ಅಪ್ಪ."

ನನ್ನ ಅವಸರಕ್ಕೆ ಕಾರಣವಿತ್ತು. ನೆತ್ತಿಯ ಮೇಲೆ ಇರಬೇಕಾದದ್ದು ನಲವತ್ತು ತುಂಬುವ ಮೊದಲೇ ರಾಜೀನಾಮೆ ಕೊಟ್ಟು ಹೋಗಿದೆ. ಉಳಿದಿರುವುದು ಪಕ್ಕದ್ದು ಮತ್ತು ಹಿಂದಿನದು. ಅದನ್ನೇ ಉದ್ದಕ್ಕೆ ಬೆಳೆಸಿ, ಕಪ್ಪು ಹಚ್ಚಿ, ಎರಡೂ ಕಿವಿಯ ಮೇಲೆ ಒಂದಿಷ್ಟು ಇಳಿಬಿಟ್ಟು, ಬಲಗಡೆಯ ಮಿಕ್ಕಿದ್ದನ್ನು ಮೇಲೆತ್ತಿ, ನೆತ್ತಿ ದಾಟಿಸಿ ಎಡಗಡೆಗೆ ಮುಟ್ಟಿಸಬೇಕು. ಗಾಳಿ ಬೀಸದಿದ್ದರೆ ಸಂಜೆಯವರೆಗೂ ನಿಲ್ಲುತ್ತದೆ. ಆದರೆ ನಮ್ಮ ಕಡೆಯ ಗಾಳಿ ಎಂಥದ್ದೆಂದರೆ ಗುಡ್ಡಗುಡ್ಡದ ಮೇಲೂ ಫ್ಯಾನು ನೆಟ್ಟು ಕರೆಂಟು ತೆಗೆಯುತ್ತಿದ್ದಾರೆ. ಹಾಗಾಗಿ ನಾನು ಬೈಕಿನಲ್ಲಿ ಯಾವತ್ತೂ ಹೆಲ್ಮೆಟ್ ಮರೆತವನಲ್ಲ. ಪೊಲೀಸರು ನನ್ನನ್ನು ಒಳ್ಳೆಯ ಪ್ರಜೆ ಎಂದುಕೊಂಡಿದ್ದಾರೆ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗುತ್ತಿದ್ದಳು: "ಇರೋನು ಬಾಚ್ಕಂತಾನೆ, ಇಲ್ಲದೋರಿಗೆ ಯಾಕ್ರೀ ಇಷ್ಟೊತ್ತು?"

ಮನೆಯ ಮಾತಾದರೆ ಹೇಗೋ ತಡೆದುಕೊಳ್ಳಬಹುದು. ಕಷ್ಟ ಇದ್ದದ್ದು ಶಾಲೆಯಲ್ಲಿ. ನಮ್ಮ ಶಾಲೆಯಲ್ಲಿ ಹುಡುಗರ ಕೂದಲಿನ ಉಸ್ತುವಾರಿ ನನ್ನದು. ಯಾರೂ ವಹಿಸಿದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡಿದ್ದು. ಪ್ರಾರ್ಥನೆ ಮುಗಿದ ಕೂಡಲೇ ಸಾಲಿನ ನಡುವೆ ನಡೆದುಹೋಗಿ, ತಲೆಯ ಪಕ್ಕ ಗೆರೆ ಎಳೆಸಿಕೊಂಡವರು, ಮುಂದೆ ಗೂಡು ಕಟ್ಟಿಕೊಂಡವರು, ಹಿಂದೆ ಬಾಲ ಬಿಟ್ಟವರು, ಎಲ್ಲರನ್ನೂ ಎಳೆದು ಪಕ್ಕಕ್ಕೆ ನಿಲ್ಲಿಸುತ್ತಿದ್ದೆ. "ಓದೋ ಹುಡುಗರಿಗೆ ಯಾಕ್ರಲೇ ಈ ಶೋಕಿ?" ಎಂದು ದಿನಾ ಬೈಯುತ್ತಿದ್ದೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ನನಗೆ ಆ ಬಚ್ಚಲು ಹೆಡ್‌ಮಾಸ್ಟರ ರೂಮಿನಲ್ಲೇ ಕಾದಿತ್ತು.

ಒಂಬತ್ತನೇ ತರಗತಿಯ ಒಬ್ಬ ಹುಡುಗನ ತಂದೆಯನ್ನು ಕರೆಸಿದ್ದೆ. ಶ್ರೀರಾಂಪುರದ ಕಡೆಯ ರೈತ, ಒಳ್ಳೆಯ ಮನುಷ್ಯ. ಅವನ ಮಗನ ತಲೆ ಹೇಗಿದೆ, ಅದರಿಂದ ಅವನ ಭವಿಷ್ಯ ಹೇಗಾಗುತ್ತದೆ ಎಂದು ನಾನು ಸವಿಸ್ತಾರವಾಗಿ ಹೇಳಿದೆ. ಹೆಡ್‌ಮಾಸ್ಟರು ನಡುನಡುವೆ ತಲೆ ಆಡಿಸಿದರು. ಆ ಮನುಷ್ಯ ಎಲ್ಲವನ್ನೂ ಕೇಳಿಸಿಕೊಂಡು, ಬಲು ವಿನಯದಿಂದ, "ಆಗ್ಲಿ ಸಾರ್, ಇವತ್ತೇ ಕಟಿಂಗ್ ಮಾಡ್ಸ್ತೀನಿ. ಅಂದಂಗೆ ನಿನ್ನೆ ಬಸ್ ಸ್ಟ್ಯಾಂಡಿನಾಗೆ ನಿಮ್ಮ ಮಗನ್ನ ನೋಡ್ದೆ. ಹಿಂದ್ಗಡೆಯಿಂದ ಯಾರದೋ ಮಗಳು ಅಂದ್ಕಂಡು, ಸೀಟು ಬಿಟ್ಕೊಟ್ಟೆ ಸಾರ್" ಎಂದ.

ಹೆಡ್‌ಮಾಸ್ಟರು ಕನ್ನಡಕ ತೆಗೆದು ನನ್ನನ್ನೇ ನೋಡತೊಡಗಿದರು. ಆಗ ನನ್ನ ಬಾಯಿಂದ ಹೊರಬಿತ್ತು:

"ಅದು ಹರಕೆ ಕೂದಲು ಕಣ್ರೀ."

ಹರಕೆ ಕೂದಲಿಗೆ ನಮ್ಮ ಕಡೆ ಇರುವ ಮರ್ಯಾದೆ ದೊಡ್ಡದು. ದೇವರಿಗೆ ಮುಡಿ ಕೊಡುತ್ತೇವೆಂದು ಬಿಟ್ಟ ಕೂದಲಿಗೆ ಕತ್ತರಿ ತಾಗಿಸುವ ಹಾಗಿಲ್ಲ, ಆಡಿಕೊಳ್ಳುವ ಹಾಗಿಲ್ಲ, ಯಾಕೆ ಬಿಟ್ಟೆ ಎಂದು ಕೇಳುವ ಹಾಗೂ ಇಲ್ಲ. ಆ ರೈತ ಗಡಬಡಿಸಿ ಎದ್ದು ಕೈ ಮುಗಿದ. "ತಪ್ಪಾಯ್ತು ಸಾರ್, ಗೊತ್ತಿಲ್ದೆ ಅಂದ್ಬಿಟ್ಟೆ. ಯಾವ ದೇವರಿಗೆ ಸಾರ್?"

"ಎಚ್.ಡಿ. ಪುರಕ್ಕೆ" ಎಂದೆ. ಹೊರಕೆರೆದೇವಪುರದ ಸ್ವಾಮಿ ನಮ್ಮ ಮನೆದೇವರು. ಬಾಯಿಗೆ ಬೇರೆ ಯಾವ ದೇವರು ತಾನೇ ಬಂದಾನು?

ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡರು. ಮಾನ ಉಳಿಯಿತು. ಸಂಜೆ ಮನೆಗೆ ಹೋಗಿ ಹೆಂಡತಿಗೆ ನನ್ನ ಸಮಯಸ್ಫೂರ್ತಿಯನ್ನು ವರ್ಣಿಸಿದೆ. ಅವಳು ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಿ, "ದೇವರ ಜೊತೆ ಹುಡುಗಾಟ ಆಡ್ಬ್ಯಾಡ್ರೀ" ಎಂದಳು. ಮಗ ಮಾತ್ರ ಅಂದೇ ಮೊದಲ ಬಾರಿಗೆ ನನ್ನನ್ನು ಅಭಿಮಾನದಿಂದ ನೋಡಿದ. "ಸೂಪರ್ ಅಪ್ಪ" ಎಂದ.

ಸೂಪರ್ ಆದದ್ದು ಒಂದು ವಾರ. ಮುಂದಿನ ಸೋಮವಾರ ಪ್ರಾರ್ಥನೆ ಮುಗಿಸಿ ಸಾಲಿನ ನಡುವೆ ಹೊರಟರೆ, ಮೊದಲು ಸಿಕ್ಕವನೇ ಎದೆಯ ಮೇಲೆ ಕೈಯಿಟ್ಟು, "ಸಾರ್, ಹರಕೆ" ಎಂದ.

"ಯಾವ ದೇವರಿಗಲೇ?"

"ಮೈಲಾರಲಿಂಗಂಗೆ ಸಾರ್."

ಅವನ ಹಿಂದಿನವನೂ ಹರಕೆ. ಅವನ ಪಕ್ಕದವನೂ ಹರಕೆ. ಇನ್ನೊಬ್ಬನನ್ನು ಯಾವ ದೇವರು ಎಂದರೆ, "ಮನೇಲಿ ಕೇಳ್ಕಂಡ್ ಬರ್ತೀನಿ ಸಾರ್" ಎಂದ. ಒಬ್ಬನಂತೂ ತಲೆಯ ಸುತ್ತ ಬೋಳಿಸಿ ನೆತ್ತಿಯ ಮೇಲೆ ಮಾತ್ರ ಹುಂಜದ ಜುಟ್ಟು ಬಿಟ್ಟುಕೊಂಡಿದ್ದ. "ಇದ್ಯಾವ ಸೀಮೆ ಹರಕೆಯಲೇ?" ಎಂದು ಕೂಗಿದೆ. "ಸಾರ್, ನಮ್ದು ಮೇಲ್ಗಡೆದು ಮಾತ್ರ ಹರಕೆ" ಎಂದ. ಒಂಬತ್ತನೇ ತರಗತಿಯಲ್ಲಿ ಇಷ್ಟು ಭಕ್ತಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಇದರಲ್ಲಿ ಅರ್ಧ ಭಕ್ತಿಯನ್ನು ಬೀಜಗಣಿತದ ಮೇಲೆ ಇಟ್ಟಿದ್ದರೆ ನನ್ನ ರಿಸಲ್ಟ್ ಎಲ್ಲೋ ಇರುತ್ತಿತ್ತು.

ಹೆಡ್‌ಮಾಸ್ಟರು ಕರೆಸಿ, "ಏನ್ರೀ ಮೇಷ್ಟ್ರೇ, ಇದು ಸ್ಕೂಲೋ ಮಠಾನೋ? ನೀವು ಶುರು ಮಾಡಿದ್ದು, ನೀವೇ ಮುಗಿಸ್ರಿ" ಎಂದರು. ಹೇಗೆ ಮುಗಿಸಲಿ? ಅವರ ಹರಕೆ ಸುಳ್ಳು ಎನ್ನಬೇಕಾದರೆ ನನ್ನದು ನಿಜ ಎಂದು ತೋರಿಸಬೇಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಎಲ್ಲಿಗೆ ಹೋಯಿತೆಂದರೆ ಶ್ರೀರಾಂಪುರದ ಹಿಟ್ಟಿನ ಗಿರಣಿಗೆ. ಆ ರೈತ ಅಲ್ಲಿ ರಾಗಿ ಹಾಕಿಸಲು ಬಂದಿದ್ದ. ಅದೇ ಸಾಲಿನಲ್ಲಿ ಪಕ್ಕದ ಹಳ್ಳಿಯ ನಮ್ಮವ್ವನೂ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಮೊಮ್ಮಗನ ಹರಕೆಯ ಬಗ್ಗೆ ಅವನು ಎರಡು ಒಳ್ಳೆಯ ಮಾತು ಆಡಿದ. ಅವ್ವ ಹಿಟ್ಟಿನ ಡಬ್ಬಿಯನ್ನು ಪಕ್ಕದವಳಿಗೆ ಒಪ್ಪಿಸಿ, ಹಾಗೇ ಬಸ್ಸು ಹತ್ತಿದಳು.

ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು: "ಏನಲೇ, ನನ್ನ ಮೊಮ್ಮಗನ ಹರಕೆ ವಿಷ್ಯ ನಂಗೆ ಗಿರಣೀಲಿ ಗೊತ್ತಾಗ್ಬೇಕೇನಲೇ?"

"ಅವ್ವ, ಮೊದ್ಲು ಕುಂತ್ಕ."

"ಕುಂತ್ಕಳಾಕೆ ಬಂದಿಲ್ಲ ನಾನು. ಹುಡುಗಂಗೆ ಏನಾಗಿತ್ತು? ಯಾವ ಕಾಯ್ಲೆ? ನಂಗೆ ಯಾಕೆ ಮುಚ್ಚಿಟ್ಟೆ?" ಎನ್ನುತ್ತಾ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳತೊಡಗಿದಳು.

ಸುಮ್ಮನೆ ಯಾರೂ ಹರಕೆ ಹೊರುವುದಿಲ್ಲವೆಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. "ಕಾಯ್ಲೆ ಗೀಯ್ಲೆ ಏನಿಲ್ಲವ್ವ, ಎಸ್ಸೆಸ್ಸೆಲ್ಸಿ ಪಾಸಾಗ್ಲಿ ಅಂತ..." ಎಂದು ಎರಡನೇ ಸುಳ್ಳು ಸೇರಿಸಿದೆ.

ಅವ್ವನ ಕಣ್ಣೀರು ತಟ್ಟನೆ ನಿಂತಿತು. "ಪಾಸಾಗಿ ವರ್ಷ ಆಯ್ತಲ್ಲೋ! ಕೆಲ್ಸ ಮಾಡಿಸ್ಕಂಡು ದೇವರನ್ನೇ ಕಾಯ್ಸ್ತೀಯಾ? ಬರೋ ಶನಿವಾರ ಹೋಗಾಣ. ಹುಡುಗನ ಮುಡಿ ತೆಗ್ಸಾಣ."

ಒಳಗೆ ಬಾಗಿಲು ಧಡಾರನೆ ಮುಚ್ಚಿದ ಸದ್ದಾಯಿತು. ಅದು ನನ್ನ ಮಗ.

ಆ ವಾರ ಮನೆಯಲ್ಲಿ ಅವ್ವನ ಸಂಭ್ರಮ ಒಂದು ಕಡೆ, ಮಗನ ಮುಖ ಒಂದು ಕಡೆ. ಅವನು ನನ್ನೊಂದಿಗೆ ಮಾತು ಬಿಟ್ಟ, ಊಟ ಅರ್ಧಕ್ಕೆ ಬಿಟ್ಟ. ಕನ್ನಡಿಯ ಮುಂದೆ ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ನನಗೆ ಸಿಟ್ಟೇ ಬಂತು. ಇಷ್ಟಕ್ಕೂ ಹೋಗುವುದು ಕೂದಲು ತಾನೇ? ಮೊಬೈಲಿನಲ್ಲಿ ಕೊರಿಯಾದ ಹುಡುಗರು ಕುಣಿಯುವುದನ್ನು ನೋಡಿ ನೋಡಿ ಹೀಗಾಗಿದ್ದಾನೆ ಎಂದು ತೀರ್ಮಾನಿಸಿದೆ. ನಮ್ಮ ಕಾಲದಲ್ಲಿ ಇಂಥ ಪ್ರಭಾವಗಳೆಲ್ಲ ಇರಲಿಲ್ಲ. ಇದ್ದದ್ದು ಚಿತ್ರದುರ್ಗದ ಹಾಸ್ಟೆಲಿನ ಎದುರಿಗಿದ್ದ ಕಟಿಂಗ್ ಶಾಪಿನ ಗೋಡೆ. ಅದರ ಮೇಲೆ ಅಂಟಿಸಿದ್ದ ತಲೆಗಳಲ್ಲಿ ಒಂದನ್ನು ತೋರಿಸಿ, ನಾನೂ ಎರಡು ವರ್ಷ ಕಿವಿ ಮುಚ್ಚುವ ಹಾಗೆ ಹಿಪ್ಪಿ ಬಿಟ್ಟಿದ್ದೆ. ಅದು ಬೇರೆ ವಿಷಯ, ಅದರಲ್ಲಿ ಒಂದು ಘನತೆ ಇತ್ತು.

ಶುಕ್ರವಾರ ಸಂಜೆ ಅವನು ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಕುಳಿತಿದ್ದ. ಬುದ್ಧಿ ಹೇಳೋಣವೆಂದು ಹೋದೆ.

"ಮೂರು ತಿಂಗ್ಳಿಗೆ ವಾಪಸ್ ಬರ್ತೈತೆ ಕಣಲೇ. ಅಜ್ಜಿ ಸಂತೋಷಕ್ಕೆ ಅಂದ್ಕ. ಗಂಡುಮಗನಿಗೆ ಯಾಕೆ ಕೂದ್ಲಿನ ಮೇಲೆ ಇಷ್ಟು ವ್ಯಾಮೋಹ?"

ಅವನು ಎರಡೂ ಕೈಯಿಂದ ಕೂದಲನ್ನು ಹಿಂದಕ್ಕೆ ಎಳೆದು ಹಿಡಿದು ನನ್ನ ಕಡೆ ತಿರುಗಿದ.

"ನೋಡು."

"ಏನ್ ನೋಡ್ಲಿ?"

"ಕಿವಿ ಅಪ್ಪ, ಕಿವಿ!"

ನೋಡಿದೆ. ಗಡಿಗೆಗೆ ಎರಡು ಹಿಡಿ ಹಚ್ಚಿದಂತೆ ಎರಡೂ ಕಿವಿ ಹೊರಗೆ ನಿಂತಿದ್ದವು. ಹುಟ್ಟಿದಾಗಿನಿಂದ ನೋಡಿದ ಮಗ, ಅವನ ಕಿವಿಯನ್ನು ನಾನು ಗಮನಿಸಿಯೇ ಇರಲಿಲ್ಲ.

"ಹೈಸ್ಕೂಲಲ್ಲಿ ಮೂರು ವರ್ಷ ನನ್ನ ಹೆಸರು ಹಿಡ್ದು ಯಾರೂ ಕರೀಲಿಲ್ಲ. ಡಿಶ್ ಅಂತಿದ್ರು. ಹಿಂದಿನ ಬೆಂಚಿನೋರು ಸ್ಕೇಲಲ್ಲಿ ಕಿವಿಗೆ ಹೊಡ್ದು, ಸಿಗ್ನಲ್ ಬಂತೇನಲೇ ಅಂತಿದ್ರು. ಕೂದ್ಲು ಬಿಟ್ಮೇಲೆ ಒಬ್ರೂ ಅಂದಿಲ್ಲ. ನಾಳೆ ಬೋಳ್ಸಿದ್ರೆ ಸೋಮವಾರ ನಾನು ಕಾಲೇಜಿಗೆ ಹೋಗಲ್ಲ" ಎಂದ. ಕೂದಲನ್ನು ಬಿಟ್ಟು ಮುಖ ಆ ಕಡೆ ಮಾಡಿದ.

ಕೊರಿಯಾ ದೇಶವನ್ನು ಸುಮ್ಮನೆ ಬೈದಿದ್ದೆ. ಅವನಿಗೆ ತಗುಲಿದ್ದು ನನ್ನದೇ ಪ್ರಭಾವ. ಓದುವ ಅಭ್ಯಾಸ ನನ್ನಿಂದ ಬರಲಿಲ್ಲ, ಗಣಿತ ಬರಲಿಲ್ಲ, ಬೆಳಗ್ಗೆ ಬೇಗ ಏಳುವುದು ಬರಲಿಲ್ಲ, ಇದೊಂದು ಮಾತ್ರ ಚಾಚೂ ತಪ್ಪದೆ ಬಂದಿತ್ತು.

ಅವನ ಪಕ್ಕದಲ್ಲಿ ಕುಳಿತು, "ನಂಗೆ ಮೊರ ಅಂತಿದ್ರು" ಎಂದೆ. ಇದನ್ನು ಹೆಂಡತಿಗೂ ಹೇಳಿದವನಲ್ಲ.

"ಮೊರ ಅಂದ್ರೆ?"

"ಅಜ್ಜಿ ರಾಗಿ ಕೇರ್ತಾಳಲ್ಲ, ಅದು."

ಅವನು ಕಣ್ಣು ಒರೆಸಿಕೊಂಡು, ಬಗ್ಗಿ ನನ್ನ ತಲೆಯ ಪಕ್ಕವನ್ನು ಪರೀಕ್ಷಿಸಿದ. "ನಿಂಗೂ ಅವೆಯಾ?"

"ಅವೆ. ಒಳಗೆ ಅವೆ."

"ಎಲ್ಲಿ, ತೋರ್ಸು."

"ಈಗ ಬ್ಯಾಡ" ಎಂದೆ. ಅಷ್ಟು ವಯಸ್ಸಾಗಿದ್ದರೂ ನನ್ನ ಕೈ ತಾನಾಗಿಯೇ ಕಿವಿಯ ಮೇಲಿನ ಕೂದಲನ್ನು ಸರಿಮಾಡಿಕೊಂಡಿತು.

ಕೆಳಗಿಳಿದು ಬಂದೆ. ಇನ್ನು ಸುಳ್ಳು ಸಾಕು, ನಿಜ ಹೇಳಿಬಿಟ್ಟರೆ ಕಾರ್ಯಕ್ರಮವೇ ರದ್ದಾಗುತ್ತದೆ ಎಂದು ಲೆಕ್ಕ ಹಾಕಿದೆ. ಅವ್ವ ನಡುಮನೆಯಲ್ಲಿ ನಾಳೆಗೆ ಬೇಕಾದ ಹಣ್ಣುಕಾಯಿ ಚೀಲಕ್ಕೆ ತುಂಬುತ್ತಿದ್ದಳು. ಎದುರಿಗೆ ಕುಳಿತು ಎಲ್ಲವನ್ನೂ ಒಪ್ಪಿಸಿದೆ. ಹರಕೆಯೂ ಇಲ್ಲ, ಎಸ್ಸೆಸ್ಸೆಲ್ಸಿಯೂ ಇಲ್ಲ, ಹೆಡ್‌ಮಾಸ್ಟರ ಮುಂದೆ ಮಾನ ಉಳಿಸಿಕೊಳ್ಳಲು ಬಾಯಿಗೆ ಬಂದದ್ದು ಹೇಳಿದೆ ಎಂದೆ.

ಅವ್ವ ತೆಂಗಿನಕಾಯಿಯನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡಳು. ಅದನ್ನು ನನ್ನ ತಲೆಗೇ ಒಡೆಯುತ್ತಾಳೇನೋ ಎನ್ನಿಸಿತು.

"ಎಚ್.ಡಿ. ಪುರದ ದೇವರ ಹೆಸ್ರು ತಗಂಡ್ಯೋ ಇಲ್ಲೋ?"

"ತಗಂಡೆ."

"ಮುಡಿ ಅಂದ್ಯೋ ಇಲ್ಲೋ?"

"ಅಂದೆ. ಆದ್ರೆ ಸುಳ್ಳು..."

"ಸುಳ್ಳೋ ದಿಟವೋ, ಅವನು ಕೇಳಿಸ್ಕಂಡಾಯ್ತಲ್ಲ. ಮಾತು ಯಾರ ಬಾಯಿಂದ ಬಂತು?"

"ನನ್ನ ಬಾಯಿಂದ."

"ಮತ್ತೆ ಬಾಯಿ ನಿಂದು, ತಲೆ ಹುಡುಗಂದಾ?" ಎಂದು ಅವ್ವ ಕಾಯಿಯನ್ನು ಚೀಲಕ್ಕೆ ಹಾಕಿದಳು. "ಹುಡುಗನ್ನ ಬಿಡು. ನಿನ್ನ ಮುಡಿ ಕೊಡು."

ಅಡುಗೆಮನೆಯಲ್ಲಿ ಒಂದು ಲೋಟ ಕೆಳಗೆ ಬಿತ್ತು. ಹೆಂಡತಿ ನಗು ತಡೆದುಕೊಳ್ಳುತ್ತಿದ್ದಳು.

"ನಂದೇನೈತವ್ವ ಕೊಡಾಕೆ? ನೀನೇ ನೋಡು" ಎಂದು ಅಂಗಲಾಚಿದೆ.

"ಇದ್ದಷ್ಟು ಕೊಡು. ದೇವರೇನು ತಕ್ಕಡಿ ಇಟ್ಕಂಡು ಕುಂತಿಲ್ಲ."

ಎಷ್ಟೋ ವಾದ ಮಾಡಿದೆ. ಮೂರು ಕತ್ತರಿ ಮುಡಿ ಸಾಕಲ್ಲ, ಹೆಂಗಸರು ಹಾಗೇ ತಾನೇ ಕೊಡುವುದು ಎಂದೆ. "ನೀನು ಹೆಂಗ್ಸಾ?" ಎಂದಳು. ಬೇಸಿಗೆ ರಜೆಯವರೆಗೆ ತಡಿ ಎಂದೆ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ತಾರಸಿಯ ಮೆಟ್ಟಿಲ ಮೇಲೆ ಮಗ ನಿಂತು ಎಲ್ಲವನ್ನೂ ಕೇಳುತ್ತಿದ್ದ. ನಾನು ತಲೆ ಎತ್ತಿದಾಗ ಅವನ ಮುಖ ನೋಡಿದೆ. ಬಿಡುಗಡೆಯಾದ ಸಂತೋಷ ಅಲ್ಲಿರಲಿಲ್ಲ. ಮೊರ ಎಂದರೆ ಏನೆಂದು ತಿಳಿದವನ ಮುಖ ಅದು. ಅದನ್ನು ನೋಡಿದ ಮೇಲೆ ನಾನೇ, "ಆಗ್ಲಿ ಬಿಡವ್ವ, ಕೊಡ್ತೀನಿ" ಎಂದೆ.

ಶನಿವಾರ ಬೆಳಗ್ಗೆ ನಾಲ್ವರೂ ಬಸ್ಸಿನಲ್ಲಿ ಎಚ್.ಡಿ. ಪುರಕ್ಕೆ ಹೋದೆವು. ಕಿಟಕಿಯ ಪಕ್ಕ ಕುಳಿತು, ಜೀವನದಲ್ಲಿ ಮೊದಲ ಬಾರಿಗೆ ಕಿಟಕಿ ತೆಗೆದೆ. ಗಾಳಿ ಬಂದು ನನ್ನ ಎಷ್ಟೋ ವರ್ಷಗಳ ಕಟ್ಟಡವನ್ನು ಕೆಡವಿ ಹಾಕಿತು. ಇನ್ನೇನು ಎರಡು ಗಂಟೆ ಕಾಲ ಇರುವ ಕೂದಲು, ಹಾರಾಡಲಿ ಎಂದು ಸುಮ್ಮನಿದ್ದೆ.

ದೇವಸ್ಥಾನದ ಹತ್ತಿರ ಮುಡಿ ತೆಗೆಯುವವನ ಮುಂದೆ ಕುಳಿತೆ. ಅವನು ನನ್ನ ತಲೆಗೆ ತಣ್ಣೀರು ಸವರಿ, "ಯಾರದ್ರಿ ಮುಡಿ, ಹುಡುಗಂದಾ?" ಎಂದು ಕೇಳಿದ. ತಪ್ಪು ಅವನದಲ್ಲ. ಕೂದಲು ಇರುವವನು ಪಕ್ಕದಲ್ಲಿ ನಿಂತಿದ್ದ, ಇಲ್ಲದವನು ಕುಳಿತಿದ್ದ. "ನಂದೇ, ಶುರು ಮಾಡಪ್ಪ" ಎಂದೆ. ಹೆಂಡತಿ ಮೊಬೈಲು ಹಿಡಿದುಕೊಂಡು ತಯಾರಾಗಿದ್ದಳು. ಬಲಗಡೆಯದು ಹೋಯಿತು, ಹಿಂದಿನದು ಹೋಯಿತು. ಕಿವಿಗಳಿಗೆ ಗಾಳಿ ತಾಗಿ ತಣ್ಣಗಾದವು. ಸೋಮವಾರ ಒಂಬತ್ತನೇ ತರಗತಿಗೆ ಹೇಗೆ ಹೋಗಲಿ ಎಂದು ಯೋಚಿಸಿದೆ. ಹೆಂಡತಿ ಎಷ್ಟು ನಗುತ್ತಿದ್ದಳೆಂದರೆ ಮೊಬೈಲು ಅಲ್ಲಾಡುತ್ತಿತ್ತು. ಮಗ ನಗಲಿಲ್ಲ. ನನ್ನ ಕಿವಿಗಳನ್ನೇ ನೋಡುತ್ತಿದ್ದ.

ನಾನು ಎದ್ದು ನಿಂತಾಗ ಅವ್ವ ಹತ್ತಿರ ಬಂದಳು. ಬೈಯುತ್ತಾಳೆಂದುಕೊಂಡೆ. ಅವಳು ಎರಡೂ ಕೈ ಎತ್ತಿ ನನ್ನ ಎರಡು ಕಿವಿಗಳನ್ನೂ ಹಿಡಿದುಕೊಂಡಳು.

"ಅಯ್ಯೋ ನನ್ನಪ್ಪಾ" ಎಂದಳು. "ಇವು ನಿಮ್ಮಪ್ಪನ ಕಿವಿ ಕಣಲೇ."

ನಮ್ಮಪ್ಪ ಇದ್ದಷ್ಟು ದಿನವೂ ತಲೆಗೆ ರುಮಾಲು ಸುತ್ತಿದವನು. ಹೊಲಕ್ಕೂ ಅದೇ, ಸಂತೆಗೂ ಅದೇ. ಗೋಡೆಯ ಮೇಲಿರುವ ಒಂದೇ ಒಂದು ಫೋಟೋದಲ್ಲೂ ಹುಬ್ಬಿನಿಂದ ಮೇಲೆ, ಕೆನ್ನೆಯ ಪಕ್ಕ, ಎಲ್ಲ ಕಡೆ ರುಮಾಲೇ ಇದೆ.

"ಅವಂದೂ ಹಿಂಗೇ ಇದ್ವು" ಎಂದಳು ಅವ್ವ. "ನಾಚ್ಕಂಡು ರುಮಾಲಿನಾಗೆ ಮುಚ್ಚಿಡ್ತಿದ್ದ. ಮನಿಕ್ಕಂಬಾಗ ಬಿಚ್ಚಿಟ್ರೆ ನಾನೊಬ್ಳೇ ನೋಡ್ತಿದ್ದೆ. ಹೋದ್ಮೇಲೆ ಎಲ್ಲಿ ನೋಡ್ಲಿ? ಫೋಟೋದಾಗೂ ಇಲ್ಲ. ನೀನು ಹಾಸ್ಟೆಲಿಗೆ ಹೋದಾಗಿಂದ ನಿನ್ನವೂ ಕಾಣ್ಲಿಲ್ಲ. ಇಲ್ಲೇ ಇದ್ವೇನಲೇ ಇಷ್ಟು ದಿನ?"

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗುವಿತ್ತು. ನನ್ನ ಹೆಂಡತಿ ಮೊಬೈಲು ಕೆಳಗಿಳಿಸಿದಳು. ಆಗ ಮಗ ಮುಂದೆ ಬಂದ. ಸುತ್ತಲೂ ಜನ ಇದ್ದರು, ಮುಡಿ ಕೊಡಲು ಬಂದವರು ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರೆಲ್ಲರ ಎದುರಿಗೆ ಅವನು ಎರಡೂ ಕೈಯಿಂದ ಕೂದಲನ್ನು ಹಿಂದಕ್ಕೆಳೆದು ಹಿಡಿದು, "ಅಜ್ಜಿ, ನನ್ನವೂ ನೋಡು" ಎಂದ.

ಅವ್ವ ನೋಡಿದಳು. ನನ್ನ ಒಂದು ಕಿವಿಯನ್ನು ಬಿಟ್ಟು ಆ ಕೈಯಿಂದ ಅವನ ಕಿವಿಯನ್ನು ಹಿಡಿದುಕೊಂಡಳು. ಮುಂದಿನವರು ಯಾರ್ರೀ, ದಾರಿ ಬಿಡ್ರಿ ಎಂದು ಹಿಂದಿನಿಂದ ಯಾರೋ ಕೂಗಿದರು. ಅವ್ವ ಕದಲಲಿಲ್ಲ. ಹಿಡಿತ ಬಿಗಿಯಾಗುತ್ತಾ ಹೋಯಿತು.

"ಬಿಡವ್ವ, ನೋಯ್ತೈತೆ" ಎಂದೆ.

"ಬಿಡಲ್ಲ" ಎಂದಳು ಅವ್ವ. "ಬಿಟ್ರೆ ಮತ್ತೆ ಮುಚ್ಕಂತೀರಿ."